ಐಚ್ಛಿಕ ಡಿಆರ್‌ಎಂ: ಕಾಲೇಜಿನ ಲ್ಯಾಬಿನಲ್ಲಿ ಒಪ್ಪಿಗೆ ಕೊಡಬೇಕಾದವರು ಯಾರು?

ಲ್ಯಾಬ್ ನಿರ್ವಾಹಕ, ತುಮಕೂರು

ಎಲ್ಲರಿಗೂ ನಮಸ್ಕಾರ. ತುಮಕೂರಿನ ಒಂದು ಪದವಿಪೂರ್ವ ಕಾಲೇಜಿನ ಕಂಪ್ಯೂಟರ್ ಲ್ಯಾಬ್ ನೋಡಿಕೊಳ್ಳುವ ಕೆಲಸ ನನ್ನದು. ಇಲ್ಲಿನ ಎಲ್ಲ ಯಂತ್ರಗಳಲ್ಲೂ ಉಬುಂಟು ಎಂಬ ಲಿನಕ್ಸ್ ಕಾರ್ಯಾಚರಣೆ ವ್ಯವಸ್ಥೆ ಮತ್ತು ಫೈರ್‌ಫಾಕ್ಸ್ ಬ್ರೌಸರ್ ಇವೆ. ಲೈಸೆನ್ಸಿನ ಹಣ ಉಳಿಯುತ್ತದೆ ಎನ್ನುವುದು ಆಡಳಿತ ಮಂಡಳಿಯ ಲೆಕ್ಕಾಚಾರವಾದರೆ, ಮಕ್ಕಳು ತಾವು ಬಳಸುವ ತಂತ್ರಾಂಶದ ಒಳಗನ್ನು ನೋಡಬಹುದು ಎನ್ನುವುದು ನನ್ನ ಲೆಕ್ಕಾಚಾರ. ಇಷ್ಟು ದಿನ ಎರಡೂ ಒಂದಕ್ಕೊಂದು ಅಡ್ಡಿಯಾಗದೆ ನಡೆದುಕೊಂಡು ಬಂದಿದ್ದವು.

ಈ ವರ್ಷ ಕಾಲೇಜು ಒಂದು ಖಾಸಗಿ ಸಂಸ್ಥೆಯಿಂದ ಸಿಇಟಿ ಮತ್ತು ನೀಟ್ ತಯಾರಿಯ ವಿಡಿಯೊ ಪಾಠಗಳಿಗೆ ಚಂದಾ ಕಟ್ಟಿದೆ. ಪಾಠದ ಪುಟ ತೆರೆದರೆ ವಿಡಿಯೊ ಇರಬೇಕಾದ ಜಾಗ ಕಪ್ಪಾಗಿಯೇ ಉಳಿದು, ವಿಳಾಸಪಟ್ಟಿಯ ಕೆಳಗೆ ಒಂದು ಸಾಲಿನ ಸೂಚನೆ ಬರುತ್ತದೆ. ಈ ಪುಟದ ಆಡಿಯೊ ಅಥವಾ ವಿಡಿಯೊ ನುಡಿಸಬೇಕಾದರೆ ಡಿಆರ್‌ಎಂ ಸಕ್ರಿಯಗೊಳಿಸಿ ಎಂಬುದು ಅದರ ಸಾರಾಂಶ. ಡಿಆರ್‌ಎಂ ಎಂದರೆ ವಿಡಿಯೊದಂಥವನ್ನು ಅನುಮತಿ ಇಲ್ಲದೆ ನೋಡದಂತೆ, ಪ್ರತಿಮಾಡದಂತೆ ತಡೆಯುವ ತಾಂತ್ರಿಕ ವ್ಯವಸ್ಥೆ. ಪಕ್ಕದಲ್ಲೇ ಒಂದು ಗುಂಡಿ. ಅದನ್ನು ಒತ್ತಿದರೆ ಬೇಕಾದ ಘಟಕ ಇಳಿಯುತ್ತಿದೆ, ಸ್ವಲ್ಪ ಹೊತ್ತಿನ ನಂತರ ಪ್ರಯತ್ನಿಸಿ ಎಂಬ ಇನ್ನೊಂದು ಸೂಚನೆ ಬರುತ್ತದೆ. ಹಾಗೆ ಇಳಿಯುವುದು ಗೂಗಲ್‌ನ ವೈಡ್‌ವೈನ್. ಅದರ ಮೂಲ ಸಂಕೇತ (ಸೋರ್ಸ್ ಕೋಡ್) ನಮ್ಮಲ್ಲಿ ಯಾರಿಗೂ ಕಾಣಿಸುವುದಿಲ್ಲ.

ಪ್ರಾಂಶುಪಾಲರು ಒಂದು ಟಿಕ್ ಹಾಕುವುದಕ್ಕೆ ಇಷ್ಟು ಯೋಚನೆ ಏಕೆ ಎಂದು ಕೇಳುತ್ತಾರೆ. ನನ್ನ ಪ್ರಶ್ನೆ ಸಣ್ಣದು. ಐಚ್ಛಿಕ ಎಂದು ಕೊಟ್ಟಿರುವ ಈ ಸೌಲಭ್ಯಕ್ಕೆ ಇಲ್ಲಿ ಇಚ್ಛೆಪಡಬೇಕಾದವರು ಯಾರು? ಹದಿನಾರು ವರ್ಷದ ಹುಡುಗಿಯೋ, ಚಂದಾ ಕಟ್ಟಿದ ಕಾಲೇಜೋ ಅಥವಾ ಯಂತ್ರದ ಕೀಲಿ ಇಟ್ಟುಕೊಂಡಿರುವ ನಾನೋ?

ತಿಪಟೂರಿನ ವೀಕ್ಷಕಿ

ಸರ್, ನಾನು ಲಿನಕ್ಸ್ ಬಳಸುವವಳೇ. ಆದರೂ ಈ ವಿಷಯವನ್ನು ಇಷ್ಟು ದೊಡ್ಡದು ಮಾಡಬೇಕಾದ ಅಗತ್ಯ ನನಗೆ ಕಾಣುವುದಿಲ್ಲ. ಹಿಂದೆ ಇದೇ ಕೆಲಸಕ್ಕೆ ಸಿಲ್ವರ್‌ಲೈಟ್ ಎಂಬ ಮೈಕ್ರೋಸಾಫ್ಟ್‌ನ ಪ್ಲಗಿನ್ ಬೇಕಾಗಿತ್ತು, ಅದು ಲಿನಕ್ಸ್‌ನಲ್ಲಿ ನೆಟ್ಟಗೆ ನಡೆಯುತ್ತಲೇ ಇರಲಿಲ್ಲ. ಸಿನಿಮಾ ನೋಡುವುದಕ್ಕಾಗಿಯೇ ಎಷ್ಟೋ ಜನ ವಿಂಡೋಸ್ ಉಳಿಸಿಕೊಂಡಿದ್ದರು. ಫ್ಲ್ಯಾಶ್ ಮತ್ತು ಸಿಲ್ವರ್‌ಲೈಟ್‌ಗಳಿಗೆ ಹೋಲಿಸಿದರೆ ಈಗಿನ ವ್ಯವಸ್ಥೆಯಲ್ಲಿ ಮುಚ್ಚಿದ ಭಾಗ ಎಷ್ಟೋ ಚಿಕ್ಕದು, ಅದೂ ಬೇಲಿಯೊಳಗೆ ಇರುತ್ತದೆ. ಬೇಡವಾದವರು ಸೆಟ್ಟಿಂಗ್ಸ್‌ಗೆ ಹೋಗಿ ಟಿಕ್ ತೆಗೆದರೆ ಮುಗಿಯಿತು. ನನ್ನ ಹಣ ಕೊಟ್ಟು, ನನ್ನ ಯಂತ್ರದಲ್ಲಿ, ನಾನು ನೋಡಬೇಕೆಂದಿರುವ ಚಿತ್ರವನ್ನು ನೋಡಬಾರದು ಎಂದು ತಡೆಯುವ ಬ್ರೌಸರ್ ನನ್ನ ಸ್ವಾತಂತ್ರ್ಯವನ್ನು ಹೆಚ್ಚಿಸುತ್ತದೆಯೋ, ಕಡಿಮೆ ಮಾಡುತ್ತದೆಯೋ?

ಶಿರಾದ ಕೋಡಿಂಗ್ ಮೇಷ್ಟ್ರು

ಒಳಗೆ ಏನು ನಡೆಯುತ್ತದೆ ಎಂಬುದನ್ನು ಮೊದಲು ಹೇಳಿಬಿಡುತ್ತೇನೆ. ಇಲ್ಲವಾದರೆ ಚರ್ಚೆ ಭಾವನೆಯ ಮಟ್ಟದಲ್ಲೇ ಸುತ್ತುತ್ತದೆ.

ಇದರ ಬುಡದಲ್ಲಿರುವುದು ಎನ್‌ಕ್ರಿಪ್ಟೆಡ್ ಮೀಡಿಯಾ ಎಕ್ಸ್‌ಟೆನ್ಶನ್ಸ್, ಅಂದರೆ ಇಎಂಇ ಎಂಬ ವೆಬ್ ಮಾನದಂಡ. ಗೂಗಲ್, ಮೈಕ್ರೋಸಾಫ್ಟ್ ಮತ್ತು ನೆಟ್‌ಫ್ಲಿಕ್ಸ್‌ಗೆ ಸೇರಿದವರು 2012ರಲ್ಲಿ ಅದರ ಕರಡನ್ನು ವೆಬ್ ಮಾನದಂಡಗಳನ್ನು ರೂಪಿಸುವ ಡಬ್ಲ್ಯು3ಸಿ ಒಕ್ಕೂಟದ ಮುಂದೆ ಇಟ್ಟರು. ಪುಟದಲ್ಲಿರುವ ಜಾವಾಸ್ಕ್ರಿಪ್ಟ್ ಮೊದಲು ಬ್ರೌಸರನ್ನು ನಿನ್ನಲ್ಲಿ ಇಂಥ ಕೀಲಿವ್ಯವಸ್ಥೆ ಇದೆಯೇ ಎಂದು ಕೇಳುತ್ತದೆ. ಇದ್ದರೆ, ಗೂಢಲಿಪಿಯಲ್ಲಿ ಬರುವ ವಿಡಿಯೊವನ್ನು ಬಿಡಿಸುವ ಸಿಡಿಎಂ ಎಂಬ ಮುಚ್ಚಿದ ಘಟಕ (ವೈಡ್‌ವೈನ್ ಅಂಥದ್ದೊಂದು) ಒಂದು ಪರವಾನಗಿ ಕೋರಿಕೆಯನ್ನು ತಯಾರಿಸುತ್ತದೆ. ಪುಟವು ಅದನ್ನು ಪರವಾನಗಿ ಸರ್ವರ್‌ಗೆ ಒಯ್ಯುತ್ತದೆ, ಉತ್ತರವಾಗಿ ಬಂದ ಕೀಲಿಯನ್ನು ಮತ್ತೆ ಸಿಡಿಎಂಗೆ ಒಪ್ಪಿಸುತ್ತದೆ. ಕೀಲಿ ಏನೆಂಬುದು ಪುಟಕ್ಕೂ ತಿಳಿಯುವುದಿಲ್ಲ, ಬ್ರೌಸರ್‌ಗೂ ತಿಳಿಯುವುದಿಲ್ಲ, ಯಂತ್ರದ ಒಡೆಯರಿಗಂತೂ ತಿಳಿಯಲೇಬಾರದು. ಮಾನದಂಡ ಬಹಿರಂಗವಾಗಿದೆ, ಆದರೆ ಅದು ಕರೆಯುವ ಘಟಕ ಬಹಿರಂಗವಾಗಿಲ್ಲ. ಕ್ಲಿಯರ್ ಕೀ ಎಂಬ ತೆರೆದ ವಿಧಾನವನ್ನು ಎಲ್ಲ ಬ್ರೌಸರ್‌ಗಳೂ ಕೊಡಬೇಕೆಂದು ಮಾನದಂಡವೇ ಹೇಳುತ್ತದಾದರೂ, ಅದರಲ್ಲಿ ಕೀಲಿ ಪುಟಕ್ಕೆ ಕಾಣುವುದರಿಂದ ದೊಡ್ಡ ಚಲನಚಿತ್ರ ಸಂಸ್ಥೆಗಳಿಗೆ ಅದು ಒಗ್ಗುವುದಿಲ್ಲ.

ಫೈರ್‌ಫಾಕ್ಸ್ ತಯಾರಿಸುವ ಮೊಜಿಲ್ಲಾ 2014ರ ಮೇ ತಿಂಗಳಲ್ಲಿ ಇದನ್ನು ಅಳವಡಿಸುವುದಾಗಿ ಪ್ರಕಟಿಸಿತು. ಅದು ಸಂತೋಷದಿಂದ ಪ್ರಕಟಿಸಿದ ಸುದ್ದಿಯಾಗಿರಲಿಲ್ಲ. ಉಳಿದ ಬ್ರೌಸರ್‌ಗಳು ಆಗಲೇ ಒಪ್ಪಿಕೊಂಡಿದ್ದರಿಂದ, ತಾನು ಒಪ್ಪದಿದ್ದರೆ ಬಳಕೆದಾರರೇ ಬಿಟ್ಟುಹೋಗುತ್ತಾರೆ ಎಂಬುದು ಅದರ ವಾದವಾಗಿತ್ತು. 2015ರ ಫೈರ್‌ಫಾಕ್ಸ್ 38ರಲ್ಲಿ ಮೊದಲು ಬಂದದ್ದು ವಿಂಡೋಸ್‌ಗಾಗಿ ಅಡೋಬಿಯ ಘಟಕ. ಜೊತೆಗೆ, ಇಎಂಇ ಇಲ್ಲದ ಪ್ರತ್ಯೇಕ ಆವೃತ್ತಿಯನ್ನೂ ಕೊಟ್ಟಿದ್ದರು. 2016ರಲ್ಲಿ ವೈಡ್‌ವೈನ್ ಬಂದಿತು, ಅದೇ ವರ್ಷ ಲಿನಕ್ಸ್‌ಗೂ ತಲುಪಿತು.

ಮೊಜಿಲ್ಲಾ ಮಾಡಿದ ಒಳ್ಳೆಯ ಕೆಲಸವೆಂದರೆ ಆ ಘಟಕವನ್ನು ಸ್ಯಾಂಡ್‌ಬಾಕ್ಸಿನಲ್ಲಿ ಇರಿಸಿದ್ದು. ಅಪರಿಚಿತರನ್ನು ಜಗಲಿಯ ಮೇಲೆಯೇ ಕೂರಿಸಿ ಮಾತನಾಡಿಸಿ ಕಳಿಸುವ ಹಾಗೆ, ಅದಕ್ಕೆ ನಿಮ್ಮ ಕಡತಗಳನ್ನು ತೆರೆಯುವ, ಜಾಲವನ್ನು ನೇರವಾಗಿ ಮುಟ್ಟುವ ಅವಕಾಶವಿಲ್ಲ. ಯಂತ್ರದ ನಿಜವಾದ ಗುರುತನ್ನು ಕೊಡುವ ಬದಲು ಪ್ರತಿ ಜಾಲತಾಣಕ್ಕೂ ಬೇರೆ ಬೇರೆ ಗುರುತು ಕೊಡುವಂತೆ ವಿನ್ಯಾಸ ಮಾಡಿದರು. ಆದುದರಿಂದ ಒಂದು ತಾಣದ ಗುರುತನ್ನು ಇನ್ನೊಂದರ ಗುರುತಿನ ಜೊತೆ ಹೊಂದಿಸಿ ಬೆನ್ನಟ್ಟುವುದು ಸುಲಭವಲ್ಲ.

ತಿಪಟೂರಿನ ಮೇಡಂ ಅವರಿಗೆ ಒಂದು ಮಾತು. ಲಿನಕ್ಸ್‌ನಲ್ಲಿ ಆ ಟಿಕ್ ಮೊದಲಿಗೆ ಇರುವುದಿಲ್ಲ, ನಾವೇ ಹಾಕಬೇಕು. ವಿಂಡೋಸ್ ಮತ್ತು ಮ್ಯಾಕ್‌ಗಳಲ್ಲಿ ಮೊದಲಿನಿಂದಲೂ ಇರುತ್ತದೆ, ಬೇಡವಾದವರು ತೆಗೆಯಬೇಕು. ಎರಡನ್ನೂ ಐಚ್ಛಿಕ ಎಂದೇ ಕರೆಯಲಾಗುತ್ತದೆ. ಆದರೆ ಎರಡನೆಯದರಲ್ಲಿ ತಮ್ಮ ಯಂತ್ರದಲ್ಲಿ ಅಂಥದೊಂದು ಇದೆ ಎಂಬುದೇ ಬಹುಪಾಲು ಜನರಿಗೆ ಗೊತ್ತಿರುವುದಿಲ್ಲ.

ಮುಕ್ತಪ್ರಿಯ, ಮಧುಗಿರಿ

ಮೇಷ್ಟ್ರು ತಂತ್ರಜ್ಞಾನವನ್ನು ಚೆನ್ನಾಗಿ ವಿವರಿಸಿದ್ದಾರೆ, ಆದರೆ ಅಧಿಕಾರದ ಪ್ರಶ್ನೆ ಬಿಟ್ಟುಹೋಗಿದೆ.

ಮುಕ್ತ ತಂತ್ರಾಂಶ ಎಂದ ಮೇಲೆ ಅದನ್ನು ಯಾರು ಬೇಕಾದರೂ ಬದಲಾಯಿಸಿ, ತಮ್ಮ ಹೆಸರಿನಲ್ಲಿ ಹಂಚಬಹುದು. ಫೈರ್‌ಫಾಕ್ಸ್ ಅಥವಾ ಕ್ರೋಮ್‌ಗೆ ಆಧಾರವಾದ ಕ್ರೋಮಿಯಂನ ಮೂಲ ಸಂಕೇತ ತೆಗೆದುಕೊಂಡು ನಾನು ನಾಳೆ ಒಂದು ಕನ್ನಡ ಬ್ರೌಸರ್ ಕಟ್ಟಬಹುದು. ಆದರೆ ಅದರಲ್ಲಿ ಚಂದಾ ಕಟ್ಟಿದ ಚಿತ್ರ ಓಡಬೇಕಾದರೆ ಗೂಗಲ್ ಒಪ್ಪಬೇಕು, ಏಕೆಂದರೆ 2010ರ ಕೊನೆಯಲ್ಲಿ ವೈಡ್‌ವೈನ್ ಕಂಪನಿಯನ್ನು ಕೊಂಡದ್ದು ಅದೇ ಗೂಗಲ್. ಇದು ಕೇವಲ ಊಹೆಯಲ್ಲ. 2019ರಲ್ಲಿ ಒಬ್ಬ ಸ್ವತಂತ್ರ ಡೆವಲಪರ್ ತಮ್ಮ ಮುಕ್ತ ತಂತ್ರಾಂಶದ ಬ್ರೌಸರ್‌ಗೆ ವೈಡ್‌ವೈನ್ ಕೋರಿ ತಿಂಗಳುಗಟ್ಟಲೆ ಕಾದರು, ಕೊನೆಗೆ ಅಂಥ ಮುಕ್ತ ಯೋಜನೆಗೆ ಬೆಂಬಲವಿಲ್ಲ ಎಂಬ ಉತ್ತರ ಸಿಕ್ಕಿತು. ಅಂದರೆ ಬ್ರೌಸರ್ ಕ್ಷೇತ್ರದಲ್ಲಿ ಗೂಗಲ್‌ಗೆ ಪೈಪೋಟಿ ಕೊಡಬೇಕೆನ್ನುವವರು ಮೊದಲು ಗೂಗಲ್‌ನ ಬಾಗಿಲನ್ನೇ ತಟ್ಟಬೇಕು. ನೋಡುಗರಿಗೆ ಐಚ್ಛಿಕವಾದದ್ದು ಬ್ರೌಸರ್ ಕಟ್ಟುವವರಿಗೆ ಅನಿವಾರ್ಯವಾಗುತ್ತದೆ.

ಮಾನದಂಡ ಅಂಗೀಕಾರವಾದ ಬಗೆಯೂ ಅಷ್ಟೇ. ಡಿಜಿಟಲ್ ಹಕ್ಕುಗಳ ಪರ ಹೋರಾಡುವ ಇಎಫ್‌ಎಫ್ ಸಂಸ್ಥೆ ಒಂದು ಮಧ್ಯದ ದಾರಿ ಸೂಚಿಸಿತ್ತು: ಡಿಆರ್‌ಎಂ ಬೇಕಿದ್ದರೆ ಇಟ್ಟುಕೊಳ್ಳಿ, ಆದರೆ ಭದ್ರತಾ ದೋಷ ಹುಡುಕುವವರ ಮೇಲೆ, ಅಂಗವಿಕಲರಿಗೆ ಅನುಕೂಲ ಮಾಡಿಕೊಡುವವರ ಮೇಲೆ ಡಿಆರ್‌ಎಂ ಕಾನೂನು ಹಿಡಿದು ದಾವೆ ಹೂಡುವುದಿಲ್ಲವೆಂದು ಸದಸ್ಯ ಕಂಪನಿಗಳು ಮಾತು ಕೊಡಲಿ. ಆ ಮಾತು ಕೂಡ ಸಿಗಲಿಲ್ಲ. 2017ರಲ್ಲಿ ಮೇಲ್ಮನವಿಯ ಮತದಾನ ನಡೆದಾಗ 108 ಸದಸ್ಯರು ಇಎಂಇ ಪರವಾಗಿ, 57 ಸದಸ್ಯರು ವಿರೋಧವಾಗಿ ಮತ ಹಾಕಿದರು, 20 ಮಂದಿ ತಟಸ್ಥರಾಗಿ ಉಳಿದರು. ಸೆಪ್ಟೆಂಬರ್ 18ರಂದು ಇಎಂಇ ಅಧಿಕೃತವಾಯಿತು, ಅಂದೇ ಇಎಫ್‌ಎಫ್ ಡಬ್ಲ್ಯು3ಸಿಗೆ ರಾಜೀನಾಮೆ ಕೊಟ್ಟು ಹೊರಬಂದಿತು. ಮತದಾನದಲ್ಲಿ ಭಾಗವಹಿಸಿದ ಸದಸ್ಯರಲ್ಲಿ ಸುಮಾರು ಮೂರನೆಯ ಒಂದು ಭಾಗದಷ್ಟು ಜನ ಬೇಡವೆಂದ ಮಾನದಂಡವನ್ನು ಸರ್ವಸಮ್ಮತ ಎನ್ನಲಾದೀತೇ?

ಆದುದರಿಂದ ನನ್ನ ಸಲಹೆ ನೇರವಾಗಿದೆ. ಲ್ಯಾಬಿನಲ್ಲಿ ಅದನ್ನು ಮುಚ್ಚಿ, ಬೀಗ ಹಾಕಿ.

ತಿಪಟೂರಿನ ವೀಕ್ಷಕಿ

ಬೀಗ ಹಾಕಿದರೆ ಕಂಪನಿಗೆ ಏನೂ ಆಗುವುದಿಲ್ಲ, ನೀಟ್ ಬರೆಯುವ ಮಕ್ಕಳಿಗೆ ಪಾಠ ತಪ್ಪುತ್ತದೆ. ಮನೆಯಲ್ಲಿ ಲ್ಯಾಪ್‌ಟಾಪ್ ಇರುವವರು ಕ್ರೋಮ್‌ನಲ್ಲಿ ನೋಡಿಕೊಳ್ಳುತ್ತಾರೆ. ಇಲ್ಲದವರು, ಅಂದರೆ ಹಳ್ಳಿಗಳಿಂದ ಬಸ್ಸು ಹಿಡಿದು ಬರುವವರು, ಲ್ಯಾಬನ್ನೇ ನಂಬಿರುತ್ತಾರೆ. ನಿಮ್ಮ ತತ್ತ್ವದ ಬೆಲೆಯನ್ನು ಅವರು ಕಟ್ಟಬೇಕೇ?

ಕುಣಿಗಲ್‌ನ ಕಿರುಚಿತ್ರಗಾರ

ನಾನು ಕಿರುಚಿತ್ರ ಮಾಡುವವನು, ಹಾಗಾಗಿ ಈ ಗುಂಪಿನಲ್ಲಿ ಡಿಆರ್‌ಎಂ ಪರ ಮಾತನಾಡಬೇಕಾದವನು ನಾನೇ ಎಂದು ಕೆಲವರಿಗೆ ಅನ್ನಿಸಬಹುದು. ಬಿಡುಗಡೆಯಾದ ದಿನವೇ ಕನ್ನಡ ಚಿತ್ರಗಳ ಪ್ರತಿ ಟೆಲಿಗ್ರಾಂನಲ್ಲಿ ಹರಿದಾಡುವುದನ್ನು ನೋಡಿದಾಗ ಹೊಟ್ಟೆ ಉರಿಯುತ್ತದೆ ನಿಜ. ಆದರೆ ಅಲ್ಲಿ ಹರಿದಾಡುವುದರಲ್ಲಿ ಡಿಆರ್‌ಎಂ ಇರುವ ವೇದಿಕೆಗಳಿಂದ ತೆಗೆದ ಪ್ರತಿಗಳೂ ಇರುತ್ತವೆ. ಬ್ರೌಸರ್‌ಗಳಲ್ಲಿ ಸಾಮಾನ್ಯವಾಗಿ ಬಳಕೆಯಲ್ಲಿರುವ, ಕೇವಲ ತಂತ್ರಾಂಶದ ಆಧಾರದ ಮೇಲೆ ನಿಂತ ವೈಡ್‌ವೈನ್ ಎಲ್3 ಮಟ್ಟವನ್ನು ತಾನು ಮುರಿದಿರುವುದಾಗಿ 2019ರ ಆರಂಭದಲ್ಲೇ ಒಬ್ಬ ಸಂಶೋಧಕರು ಪ್ರಕಟಿಸಿದ್ದರು. ದೊಡ್ಡ ವೇದಿಕೆಗಳು ಬ್ರೌಸರ್‌ಗೆ ಕಡಿಮೆ ಸ್ಪಷ್ಟತೆಯ ಚಿತ್ರ ಕೊಟ್ಟು, ಯಂತ್ರಾಂಶದ ಬೆಂಬಲವಿರುವ ಟಿವಿಗೆ ಹೆಚ್ಚಿನ ಸ್ಪಷ್ಟತೆಯ ಚಿತ್ರ ಕೊಡುವುದೂ ಈ ಅಪನಂಬಿಕೆಯಿಂದಲೇ.

ಕದಿಯುವವನಿಗೆ ಒಂದೇ ಪ್ರತಿ ಸಾಕು. ಅದು ಹೊರಬಿದ್ದ ಮೇಲೆ ಡಿಆರ್‌ಎಂನ ತೊಡಕು ಉಳಿಯುವುದು ಹಣ ಕೊಟ್ಟವರಿಗೆ ಮಾತ್ರ. ಹಾಗಿದ್ದರೂ ವೇದಿಕೆಗೆ ಚಿತ್ರ ಕೊಡುವಾಗ ಒಪ್ಪಂದದಲ್ಲಿ ಡಿಆರ್‌ಎಂ ಬೇಡವೆಂದು ಹೇಳುವ ಅವಕಾಶ ನನ್ನಂಥವನಿಗೆ ಇರುವುದಿಲ್ಲ. ಇದನ್ನು ಬೇಕೆಂದವರು ನೋಡುಗರಲ್ಲ, ಸಣ್ಣ ನಿರ್ಮಾಪಕರಲ್ಲಿ ಎಲ್ಲರೂ ಅಲ್ಲ. ನಡುವೆ ಕುಳಿತವರ ಕರಾರಿಗೆ ನಾವೆಲ್ಲ ಸಹಿ ಹಾಕುತ್ತಿದ್ದೇವೆ.

ಗುಬ್ಬಿಯ ವಕೀಲ

ಕಾನೂನಿನ ಅಂಶ ಬಂದಿಲ್ಲವಾದ್ದರಿಂದ ಸೇರಿಸುತ್ತೇನೆ. ಮೇಲೆ ಹೇಳಿದ ದಾವೆಯ ಭಯ ಮುಖ್ಯವಾಗಿ ಅಮೆರಿಕದ 1998ರ ಡಿಎಂಸಿಎ ಎಂಬ ಕೃತಿಸ್ವಾಮ್ಯ ಕಾಯ್ದೆಯದು. ನಮ್ಮಲ್ಲಿ 2012ರ ತಿದ್ದುಪಡಿಯ ಮೂಲಕ ಕೃತಿಸ್ವಾಮ್ಯ ಕಾಯ್ದೆಗೆ 65ಎ ಕಲಂ ಸೇರಿತು. ತಾಂತ್ರಿಕ ರಕ್ಷಣೆಯನ್ನು ಭೇದಿಸಿದವರಿಗೆ ಎರಡು ವರ್ಷದವರೆಗೆ ಕಾರಾಗೃಹ ಮತ್ತು ದಂಡ ವಿಧಿಸಬಹುದು; ಆದರೆ ಭೇದಿಸಿದ್ದು ಹಕ್ಕುಗಳನ್ನು ಉಲ್ಲಂಘಿಸುವ ಉದ್ದೇಶದಿಂದ ಆಗಿರಬೇಕು. ಕಾಯ್ದೆಯು ಸ್ಪಷ್ಟವಾಗಿ ನಿಷೇಧಿಸದ ಉದ್ದೇಶಕ್ಕೆ, ಗೂಢಲಿಪಿಯ ಸಂಶೋಧನೆಗೆ, ಒಡೆಯರ ಅನುಮತಿ ಪಡೆದು ಮಾಡುವ ಭದ್ರತಾ ಪರೀಕ್ಷೆಗೆ ವಿನಾಯಿತಿ ಇದೆ. ಬಳಕೆದಾರರನ್ನು ಗುರುತಿಸುವ ಅಥವಾ ಅವರ ಮೇಲೆ ಕಣ್ಗಾವಲಿಡುವ ತಾಂತ್ರಿಕ ಕ್ರಮಗಳನ್ನು ತಪ್ಪಿಸಿಕೊಳ್ಳುವುದಕ್ಕೂ ವಿನಾಯಿತಿ ಇದೆ ಎಂಬುದನ್ನು ಬಹಳ ಜನ ಗಮನಿಸಿಲ್ಲ.

ಶಿಕ್ಷಣದ ವಿಷಯದಲ್ಲಿ 52ನೇ ಕಲಂ ಉದಾರವಾಗಿದೆ. ಬೋಧನೆಯ ಸಂದರ್ಭದಲ್ಲಿ ಶಿಕ್ಷಕರು ಅಥವಾ ವಿದ್ಯಾರ್ಥಿಗಳು ಕೃತಿಯೊಂದನ್ನು ಪ್ರತಿಮಾಡಿಕೊಳ್ಳುವುದು ಉಲ್ಲಂಘನೆಯಲ್ಲ. ದೆಹಲಿ ವಿಶ್ವವಿದ್ಯಾಲಯದ ಫೋಟೊಕಾಪಿ ಮೊಕದ್ದಮೆಯಲ್ಲಿ 2016ರಲ್ಲಿ ದೆಹಲಿ ಉಚ್ಚ ನ್ಯಾಯಾಲಯ ಈ ವಿನಾಯಿತಿಗೆ ವಿಶಾಲವಾದ ಅರ್ಥವನ್ನೇ ಕೊಟ್ಟಿತು. ತೊಡಕು ಇರುವುದು ಇಲ್ಲೇ. ಕಾಯ್ದೆ ಕೊಟ್ಟ ವಿನಾಯಿತಿಯನ್ನು ಸಿಡಿಎಂ ಓದಲಾರದು. ಅದರ ಪಾಲಿಗೆ ಭೌತಶಾಸ್ತ್ರದ ಮೇಷ್ಟ್ರು ತರಗತಿಗೆಂದು ತೆಗೆದುಕೊಳ್ಳುವ ಎರಡು ನಿಮಿಷದ ತುಣುಕೂ ಒಂದೇ, ಮಾರಾಟಕ್ಕಿಟ್ಟ ಕಳ್ಳಪ್ರತಿಯೂ ಒಂದೇ. ಇನ್ನು ವಿನಾಯಿತಿ ಇರುವ ಕೆಲಸಕ್ಕಾಗಿ ಇನ್ನೊಬ್ಬರಿಗೆ ಭೇದಿಸಲು ನೆರವಾದವರು, ನೆರವು ಪಡೆದವರ ಹೆಸರು, ವಿಳಾಸ, ಉದ್ದೇಶಗಳ ಪೂರ್ತಿ ದಾಖಲೆ ಇಟ್ಟಿರಬೇಕೆಂಬ ಷರತ್ತೂ ಅದೇ 65ಎ ಕಲಂನಲ್ಲಿದೆ. ಯಾವ ಉಪನ್ಯಾಸಕರು ಅಷ್ಟು ತಲೆಬಿಸಿ ಮಾಡಿಕೊಳ್ಳುತ್ತಾರೆ?

ಕೊರಟಗೆರೆ ಶಿಕ್ಷಕಿ

ಒಂದು ಚಿಕ್ಕ ಸೇರ್ಪಡೆ. ಅಡಿಬರಹಗಳನ್ನು (ಸಬ್‌ಟೈಟಲ್) ಮತ್ತು ವಿವರಣೆಯ ಧ್ವನಿಯನ್ನು ಎನ್‌ಕ್ರಿಪ್ಟ್ ಮಾಡಬಾರದು ಎಂದು ಇಎಂಇ ಮಾನದಂಡದಲ್ಲೇ ಬರೆದಿದೆ. ಕೇಳಿಸದ, ಕಾಣಿಸದ ಮಕ್ಕಳ ದೃಷ್ಟಿಯಿಂದ ಅದು ಒಳ್ಳೆಯದು. ಆದರೆ ನನ್ನ ತರಗತಿಯಲ್ಲಿ ಕೆಂಪು ಹಸಿರು ಬೇರೆ ಮಾಡಿ ಕಾಣಲಾಗದ ಹುಡುಗನಿದ್ದಾನೆ. ಸಾಮಾನ್ಯ ವಿಡಿಯೊ ಆದರೆ ಅದರ ಬಣ್ಣ ಬದಲಿಸಿ ತೋರಿಸುವ ಒಂದು ಸಣ್ಣ ಸಾಧನವನ್ನು ಯಾರಾದರೂ ಬರೆದುಕೊಡಬಹುದು. ಮುಚ್ಚಿದ ವಿಡಿಯೊಗೆ ಅಂಥದ್ದನ್ನು ಬರೆಯಬೇಕಾದರೆ ಮೊದಲು ವಕೀಲರನ್ನು ಕೇಳಬೇಕು.

ಲ್ಯಾಬ್ ನಿರ್ವಾಹಕ, ತುಮಕೂರು

ಎಲ್ಲರ ಉತ್ತರಗಳನ್ನೂ ಓದಿದೆ. ಈ ಮಧ್ಯೆ ಒಂದು ಯಂತ್ರದಲ್ಲಿ ಪರೀಕ್ಷಿಸಿ ನೋಡಿದೆ. ವೈಡ್‌ವೈನ್ ಯಂತ್ರಕ್ಕೆಲ್ಲ ಒಂದೇ ಬಾರಿ ಇಳಿಯುವುದಿಲ್ಲ, ಬಳಕೆದಾರರ ಪ್ರೊಫೈಲ್ ಒಳಗೆ ಗೂಡು ಕಟ್ಟುತ್ತದೆ. ಪ್ರತಿ ವಿದ್ಯಾರ್ಥಿಗೂ ಬೇರೆ ಖಾತೆ ಇರುವುದರಿಂದ ಗುಂಡಿ ಒತ್ತಿದ ಪ್ರತಿಯೊಬ್ಬರಿಗೂ ಮತ್ತೆ ಇಳಿಯುತ್ತದೆ. ಮೊದಲ ಪೀರಿಯಡ್‌ನಲ್ಲಿ ಇಡೀ ತರಗತಿ ಒಟ್ಟಿಗೆ ಒತ್ತಿದರೆ ನಮ್ಮ ನೆಟ್ಟಿನ ಗತಿ ಏನೆಂದು ಬೇರೆ ಹೇಳಬೇಕಾಗಿಲ್ಲ.

ನನಗೆ ಹೆಚ್ಚು ಕಾಡಿದ್ದು ಗುಂಡಿಯ ಪಕ್ಕದ ಆ ಸೂಚನೆ. ಇದನ್ನು ಒತ್ತಿದರೆ ಮುಚ್ಚಿದ ಘಟಕವೊಂದು ಬರುತ್ತದೆ, ಅದರ ಸಂಕೇತವನ್ನು ನೀವಾಗಲಿ ಫೈರ್‌ಫಾಕ್ಸ್ ಬರೆದವರಾಗಲಿ ಓದಲಾರರು ಎಂಬ ಮಾತು ಅಲ್ಲಿಲ್ಲ. ಹೆಚ್ಚು ತಿಳಿಯಿರಿ ಎಂಬ ಕೊಂಡಿ ಇದೆ, ಪಾಠ ಶುರುವಾಗಲಿ ಎಂದು ಕಾಯುತ್ತಿರುವ ಯಾವ ವಿದ್ಯಾರ್ಥಿಯೂ ಅದನ್ನು ತೆರೆಯುವುದಿಲ್ಲ.

ಶಿರಾದ ಕೋಡಿಂಗ್ ಮೇಷ್ಟ್ರು

ಈಗ ನನ್ನ ಅಭಿಪ್ರಾಯ ಹೇಳುತ್ತೇನೆ. ಬ್ರೌಸರ್ ತಯಾರಕರು ಆಯ್ಕೆ ಕೊಟ್ಟಿದ್ದೇವೆ ಎನ್ನುವುದು ಸುಳ್ಳಲ್ಲ. ಫೈರ್‌ಫಾಕ್ಸ್‌ನಲ್ಲಿ ಬೇಡವೆಂದರೂ ಉಳಿದ ವೆಬ್ ಎಲ್ಲ ಮೊದಲಿನಂತೆಯೇ ನಡೆಯುತ್ತದೆ. ಬ್ರೇವ್ ಬ್ರೌಸರ್ ಕೇಳಿ ಒಪ್ಪಿಗೆ ಪಡೆದ ಮೇಲೆಯೇ ವೈಡ್‌ವೈನ್ ಇಳಿಸಿಕೊಳ್ಳುತ್ತದೆ. ಲಿಬ್ರೆವುಲ್ಫ್ ಎಂಬ ಬ್ರೌಸರ್ ಮೊದಲಿನಿಂದಲೇ ಅದನ್ನು ನಿಷ್ಕ್ರಿಯಗೊಳಿಸಿರುತ್ತದೆ. ಬಲವಂತ ಬರುವುದು ಬ್ರೌಸರ್‌ನಿಂದಲ್ಲ, ಪಾಠ ಮಾರುವ ತಾಣದಿಂದ. ಬೇಡ ಎಂದವರಿಗೆ ಪಾಠವೇ ಇಲ್ಲ ಎಂದು ಹೇಳುವವರು ಅವರು.

ಸಿನಿಮಾ ನೋಡುವ ತಿಪಟೂರಿನ ಮೇಡಂ ಅವರಿಗೂ ನಿಮ್ಮ ಲ್ಯಾಬಿನ ಹುಡುಗಿಗೂ ಇರುವ ವ್ಯತ್ಯಾಸ ಇದೇ. ಮೇಡಂ ಒಪ್ಪಂದ ನೋಡಿ, ಹಣ ಕೊಟ್ಟು, ಬೇಡವಾದಾಗ ಚಂದಾ ನಿಲ್ಲಿಸಬಲ್ಲರು. ಅವರ ಮಟ್ಟಿಗೆ ಆ ಟಿಕ್ ನಿಜವಾದ ಆಯ್ಕೆ, ಅದನ್ನು ಕಿತ್ತುಕೊಳ್ಳುವ ಹಕ್ಕು ಮುಕ್ತಪ್ರಿಯ ಅವರಿಗೂ ಇಲ್ಲ, ನನಗೂ ಇಲ್ಲ. ಹುಡುಗಿ ಒಪ್ಪಂದವನ್ನು ಮಾಡಿಲ್ಲ, ಕಂಪನಿಯನ್ನು ಆರಿಸಿಲ್ಲ, ಬೇಡವೆಂದರೆ ಹಿಂದೆ ಬೀಳುತ್ತಾಳೆ. ಅವಳ ಕೈಯಲ್ಲಿ ಗುಂಡಿ ಒತ್ತಿಸಿ ಅದನ್ನು ಒಪ್ಪಿಗೆ ಎಂದು ಕರೆಯುವುದು ತಪ್ಪು. ಆಯ್ಕೆ ಮಾಡುವ ಶಕ್ತಿ ಇದ್ದದ್ದು ಖರೀದಿ ಸಮಿತಿಗೆ, ಚಂದಾ ಕಟ್ಟುವ ಮುಂಚೆ. ಆಗ ಯಾರೂ ಕೇಳಲಿಲ್ಲ.

ಆದುದರಿಂದ ಸದ್ಯಕ್ಕೆ ನಿರ್ಧಾರವನ್ನು ಕಾಲೇಜಿನ ಹೆಸರಿನಲ್ಲೇ ಮಾಡಿ. ಫೈರ್‌ಫಾಕ್ಸ್‌ನ ಪಾಲಿಸಿ ಕಡತದಲ್ಲಿ ಎನ್‌ಕ್ರಿಪ್ಟೆಡ್‌ಮೀಡಿಯಾಎಕ್ಸ್‌ಟೆನ್ಶನ್ಸ್ ಎಂಬ ನಿಯಮವಿದೆ. ಸಕ್ರಿಯ, ನಿಷ್ಕ್ರಿಯ ಎರಡನ್ನೂ ಅದರಲ್ಲಿ ನಿಗದಿಪಡಿಸಿ ಬೀಗ ಹಾಕಬಹುದು. ವಿಡಿಯೊ ಪಾಠಕ್ಕೆಂದು ಗೊತ್ತುಮಾಡಿದ ಕೆಲವೇ ಯಂತ್ರಗಳಲ್ಲಿ ಸಕ್ರಿಯಗೊಳಿಸಿ, ಒಂದೇ ಸಾಮಾನ್ಯ ಖಾತೆ ಇಡಿ. ಆಗ ಪ್ರತಿ ಹುಡುಗನಿಗೂ ಬೇರೆಯಾಗಿ ಇಳಿಯುವುದೂ ತಪ್ಪುತ್ತದೆ. ಉಳಿದವುಗಳಲ್ಲಿ ನಿಷ್ಕ್ರಿಯಗೊಳಿಸಿ. ಆ ಯಂತ್ರಗಳ ಮೇಲೆ ಕನ್ನಡದಲ್ಲಿ ಒಂದು ಚೀಟಿ ಅಂಟಿಸಿ, ಇದರಲ್ಲಿ ಏನಿದೆ, ಯಾರ ತೀರ್ಮಾನದಿಂದ ಇದೆ ಎಂದು ಬರೆಯಿರಿ.

ಮುಕ್ತಪ್ರಿಯ, ಮಧುಗಿರಿ

ಚೀಟಿಯ ವಿಚಾರ ಒಪ್ಪುತ್ತೇನೆ, ಉಳಿದದ್ದನ್ನು ಒಪ್ಪುವುದಿಲ್ಲ. ಒಮ್ಮೆ ಯಂತ್ರದೊಳಗೆ ಬಂದದ್ದು ಯಾವ ಖರೀದಿ ಸಮಿತಿಯ ಸಭೆಯಲ್ಲೂ ಹೊರಹೋಗಿಲ್ಲ. 2023ರಲ್ಲಿ ಗೂಗಲ್ ಇದೇ ದಾರಿಯಲ್ಲಿ ಇನ್ನೊಂದು ಹೆಜ್ಜೆ ಮುಂದಿಟ್ಟು, ನಿಮ್ಮ ಬ್ರೌಸರ್ ಮತ್ತು ಯಂತ್ರ ನಂಬಿಕೆಗೆ ಅರ್ಹವೇ ಎಂದು ಜಾಲತಾಣಗಳೇ ಪ್ರಮಾಣಪತ್ರ ಕೇಳುವ ವೆಬ್ ಎನ್ವಿರಾನ್‌ಮೆಂಟ್ ಇಂಟೆಗ್ರಿಟಿ ಎಂಬ ಪ್ರಸ್ತಾವ ತಂದಿತ್ತು. ಜಗತ್ತಿನಾದ್ಯಂತ ವಿರೋಧ ಬಂದ ಮೇಲೆ ಅದೇ ವರ್ಷ ಕೈಬಿಟ್ಟರು. ವಿಡಿಯೊಗೆ ಒಪ್ಪಿದವರು ನಾಳೆ ಇಡೀ ಪುಟಕ್ಕೂ ಒಪ್ಪಬೇಕಾಗುತ್ತದೆ ಎಂಬ ನಮ್ಮ ಆತಂಕ ಗಾಳಿಯಿಂದ ಬಂದದ್ದಲ್ಲ.

ತಿಪಟೂರಿನ ವೀಕ್ಷಕಿ

ವಿರೋಧ ಬಂದಾಗ ಕೈಬಿಟ್ಟರಲ್ಲ! ಹಾಗಾದರೆ ವಿರೋಧಿಸಬೇಕಾದ ಕಡೆ ವಿರೋಧಿಸೋಣ, ಮಕ್ಕಳ ಪಾಠದ ಮೇಲೆ ಬೇಡ. ಮೇಷ್ಟ್ರು ಹೇಳಿದ ದಾರಿ ನನಗೆ ಸರಿ ಎನಿಸುತ್ತದೆ. ವಿಂಡೋಸ್‌ನಲ್ಲಿ ಮೊದಲಿನಿಂದಲೇ ಟಿಕ್ ಹಾಕಿಕೊಂಡು ಬರುತ್ತದೆ ಎಂಬುದು ನನಗೂ ಸರಿ ಕಾಣುತ್ತಿಲ್ಲ, ಅಲ್ಲಿಯೂ ಕೇಳಿಯೇ ಹಾಕಬೇಕು.

ಲ್ಯಾಬ್ ನಿರ್ವಾಹಕ, ತುಮಕೂರು

ಪಾಠದ ಕಂಪನಿಗೆ ಬರೆದಿದ್ದೆ. ಡಿಆರ್‌ಎಂ ಇಲ್ಲದೆ ಕೊಡಲು ಸಾಧ್ಯವೇ ಎಂದು ಕೇಳಿದ್ದಕ್ಕೆ, ತಮ್ಮ ವೇದಿಕೆಯನ್ನು ಬೇರೆಯವರು ನಡೆಸುತ್ತಾರೆ, ಅಲ್ಲಿ ಅದು ತಾನಾಗಿಯೇ ಬರುತ್ತದೆ ಎಂಬ ಉತ್ತರ ಬಂದಿತು. ಬೇಕೆಂದು ಕೇಳಿದ್ದಾರೋ ಎಂದರೆ ಅವರೂ ಕೇಳಿಲ್ಲವಂತೆ.

ಪ್ರಾಂಶುಪಾಲರು ಗೋಡೆ ಬದಿಯ ಸಾಲಿನ ಯಂತ್ರಗಳಲ್ಲಿ ಮಾತ್ರ ಸಕ್ರಿಯಗೊಳಿಸಲು ಒಪ್ಪಿ ಲಿಖಿತ ಆದೇಶ ಕೊಟ್ಟಿದ್ದಾರೆ. ಮುಂದಿನ ವರ್ಷದ ಖರೀದಿ ಷರತ್ತುಗಳಿಗೆ ಸೇರಿಸಲು ಈ ಒಂದು ವಾಕ್ಯವನ್ನು ಬರೆದಿದ್ದೇನೆ, ತಿದ್ದಿಕೊಡಿ: “ಪೂರೈಕೆದಾರರು ಒದಗಿಸುವ ಪಾಠಗಳು ಮುಚ್ಚಿದ ಹೆಚ್ಚುವರಿ ಘಟಕದ ಅಗತ್ಯವಿಲ್ಲದೆ ಮುಕ್ತ ತಂತ್ರಾಂಶದ ಬ್ರೌಸರ್‌ಗಳಲ್ಲಿ ನಡೆಯತಕ್ಕದ್ದು, ಮತ್ತು ಬೋಧನೆಗಾಗಿ ಪಾಠದ ಭಾಗಗಳನ್ನು ಕಾಲೇಜಿನೊಳಗೆ ಪ್ರತಿಮಾಡಿಕೊಳ್ಳಲು ತಾಂತ್ರಿಕ ಅಡ್ಡಿ ಇರತಕ್ಕದ್ದಲ್ಲ.”

ಗುಬ್ಬಿಯ ವಕೀಲ

“ಮುಚ್ಚಿದ ಹೆಚ್ಚುವರಿ ಘಟಕ” ಎಂದಷ್ಟೇ ಬರೆದರೆ ಅದು ಬ್ರೌಸರ್‌ನಲ್ಲೇ ಅಡಕವಾಗಿದೆ, ಹೆಚ್ಚುವರಿಯಲ್ಲ ಎಂದು ವಾದಿಸುತ್ತಾರೆ. “ಮೂಲ ಸಂಕೇತ ಬಹಿರಂಗವಾಗಿರದ ಯಾವುದೇ ಡಿಕ್ರಿಪ್ಶನ್ ಘಟಕ” ಎಂದು ಮಾಡಿ. ಎರಡನೆಯ ಭಾಗಕ್ಕೆ ಕೃತಿಸ್ವಾಮ್ಯ ಕಾಯ್ದೆಯ 52ನೇ ಕಲಂನ ಉಲ್ಲೇಖ ಸೇರಿಸಿ, ಇಲ್ಲವಾದರೆ ಸಮಿತಿಯಲ್ಲಿ ಯಾರಾದರೂ ಹೊಡೆದುಹಾಕುತ್ತಾರೆ.